ಇರ್ಯಾಳ ಹಸಿರು ಅಕ್ಷರ

ಇರ್ಯಾ ಸಾಲ್ಮೆಲಾ ನಗುವುದಿಲ್ಲ ಎಂಬ ಮಾತು ನಮ್ಮ ಥಂಡರ್ ಬೇ ಊರಿನಲ್ಲಿ ಎಷ್ಟು ಹಳೆಯದೆಂದರೆ, ಅದನ್ನು ಮೊದಲು ಹೇಳಿದವರಲ್ಲಿ ಯಾರೂ ಈಗ ಬದುಕಿಲ್ಲ. ಬೇಕರಿಯ ಸಾಲಿನಲ್ಲಿ, ಗ್ರಂಥಾಲಯದಲ್ಲಿ, ಬಸ್ಸಿಗೆ ಕಾಯುವ ಕಡೆ ಅವಳನ್ನು ಕಂಡವರು ಚಳಿಯ ಬಗ್ಗೆ ಒಂದು ಮಾತಾಡಿ ಸುಮ್ಮನಾಗುತ್ತಾರೆ. ಅವಳಾದರೂ ಹೌದು ಎಂದು ತಲೆಯಾಡಿಸಿ ಸುಮ್ಮನಾಗುತ್ತಾಳೆ. ಇಡೀ ದೇಶವನ್ನು ಆರು ಚಳಿಗಾಲ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಕಾರ್ಯಕ್ರಮದ ಒಂದೊಂದು ಮಾತೂ ಈ ಹೆಂಗಸಿನ ಕೈಯಿಂದ ದಾಟಿ ಹೋಗಿತ್ತು ಎಂಬುದು ನಮ್ಮೂರಿನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ನೆನಪಿರಲಿಲ್ಲ. ಹೀಗೆ ಮರೆಯುವುದರಲ್ಲಿ ನಮ್ಮೂರಿನವರದು ಎತ್ತಿದ ಕೈ.

ಕಾರ್ಯಕ್ರಮದ ಹೆಸರು 'ಹವಾ ಸರಿಯಿಲ್ಲ'. ಸರೋವರದ ದಂಡೆಯ ಟೀವಿ ಕೇಂದ್ರದಲ್ಲಿ ಶುಕ್ರವಾರ ಸಂಜೆ ಚಿತ್ರೀಕರಣ, ಮುಂದಿನ ಶನಿವಾರ ಪ್ರಸಾರ. ಒಂದು ಹತ್ತು ಹನ್ನೆರಡು ಚಿಕ್ಕ ಚಿಕ್ಕ ಪ್ರಹಸನಗಳು. ಒಂದರಲ್ಲಿ ಅಣ್ಣತಮ್ಮಂದಿರಿಬ್ಬರು ಹೆಪ್ಪುಗಟ್ಟಿದ ಸರೋವರದ ಮೇಲೆ ಗುಡಿಸಲು ಹಾಕಿಕೊಂಡು ಮೀನಿಗಾಗಿ ಕಾಯುತ್ತಿದ್ದರು. ಸಾವಿರದ ಒಂಬೈನೂರ ಐವತ್ತೊಂದರಿಂದ ಕಾಯುತ್ತಿದ್ದರು. ಮೀನು ಬಂದಿರಲಿಲ್ಲ, ಫ್ಲಾಸ್ಕಿನ ಮುಚ್ಚಳ ಕಳೆದವರು ಯಾರೆಂಬ ಜಗಳವೂ ಮುಗಿದಿರಲಿಲ್ಲ. ಇನ್ನೊಂದರಲ್ಲಿ ಮಾರ್ಗೋ ಡೆಲೊರ್ಮ್ ಎಂಬ ನಟಿ ನೆಂಟರ ಮನೆಯಿಂದ ಹೊರಡುವ ಹೆಂಗಸಾಗುತ್ತಿದ್ದಳು. ಬೂಟು ಹಾಕಿ, ದಪ್ಪ ಕೋಟಿನ ಗುಂಡಿ ಹಾಕಿ, ಬಾಗಿಲ ಹಿಡಿ ಹಿಡಿದುಕೊಂಡು 'ಸರಿ, ಬರ್ತೀವಿ' ಎನ್ನುವಳು. ಅಷ್ಟರಲ್ಲಿ ಏನೋ ಒಂದು ಮಾತು ನೆನಪಾಗುವುದು. ಆರು ವರ್ಷದಲ್ಲಿ ಅವಳು ಆ ಹೊಸ್ತಿಲು ದಾಟಲಿಲ್ಲ. ಅವಳನ್ನು ನೋಡಿ ನಕ್ಕ ನಾವೆಲ್ಲ ಮರುದಿನ ನಮ್ಮ ಚಿಕ್ಕಮ್ಮನ ಮನೆಯ ಬಾಗಿಲಲ್ಲಿ ಅದೇ ಕೋಟು ತೊಟ್ಟು ಮುಕ್ಕಾಲು ಗಂಟೆ ಬೆವರುತ್ತಿದ್ದೆವು.

ಆದರೆ ಎಲ್ಲರ ಪ್ರೀತಿಯ ಮನುಷ್ಯನೆಂದರೆ ಅರ್ನಿ ಪಿಕೆಟ್, ಹವಾಮಾನ ಓದುವವನು. ಹಿಮ ಬಿದ್ದದ್ದು ತನ್ನಿಂದಲೇ ಎಂಬಂತೆ ಪ್ರತಿ ಊರಿನ ಹೆಸರು ಹಿಡಿದು ಕ್ಷಮೆ ಕೇಳುವುದು ಅವನ ಕೆಲಸ. 'ಕೆನೋರಾ, ಕ್ಷಮಿಸಿ. ನಿಪಿಗಾನ್, ನಿಮಗೆ ಹೋದ ವಾರವೂ ಹೀಗೇ ಆಯಿತು, ನನಗೆ ಗೊತ್ತು.' ಒಂದು ವಾರ ವಾವಾ ಊರಿನ ಹೆಸರು ಬಿಟ್ಟುಹೋಗಿ, ನಮಗೇಕೆ ಕ್ಷಮೆ ಕೇಳಲಿಲ್ಲ ಎಂದು ವಾವಾದವರು ಮೂಟೆಗಟ್ಟಲೆ ಪತ್ರ ಬರೆದರು. ಮುಂದಿನ ವಾರ ಅರ್ನಿ ಅವರಿಗೆ ಎರಡೆರಡು ಸಲ ಕ್ಷಮೆ ಕೇಳಿದ. ಅರ್ನಿಯ ಪಾತ್ರ ಮಾಡುತ್ತಿದ್ದವನು ವೆಂಡೆಲ್ ಟ್ರಾಸ್ಕ್. ಆಳು ಉದ್ದ, ಕಿವಿ ದೊಡ್ಡದು, ನೆನಪಿನ ಶಕ್ತಿ ಸೊನ್ನೆ. ನಾಲ್ಕು ಸಾಲು ಬಾಯಿಪಾಠ ಮಾಡಲು ನಾಲ್ಕು ದಿನ ಕೊಟ್ಟರೂ ಐದನೆಯ ದಿನ ಬರಿಗೈಯಲ್ಲಿ ಬರುತ್ತಿದ್ದ.

ಆದ್ದರಿಂದ ಇರ್ಯಾ ಬೇಕಾದಳು. ಅವಳು ಆಗ ಸಹಕಾರಿ ಅಂಗಡಿಯಲ್ಲಿ ಬೆಣ್ಣೆ, ಉಪ್ಪುಮೀನು, ರೈ ಬ್ರೆಡ್ಡುಗಳ ಫಲಕ ಬರೆಯುತ್ತಿದ್ದ ಇಪ್ಪತ್ತೇಳು ವರ್ಷದ ಹುಡುಗಿ. ಅವಳ ಅಕ್ಷರ ರಸ್ತೆಯ ಆಚೆ ಬದಿಯಿಂದಲೂ ಓದಲು ಬರುತ್ತಿತ್ತು. ಟೀವಿ ಕೇಂದ್ರದವರು ಬ್ರೆಡ್ಡು ಕೊಳ್ಳಲು ಬಂದು ಅವಳನ್ನು ಕರೆದುಕೊಂಡು ಹೋದರು. ಕೆಲಸ ಇಷ್ಟೆ: ಮೇಜಿನಗಲದ ಬಿಳಿ ರಟ್ಟಿನ ಮೇಲೆ ನಟರ ಮಾತುಗಳನ್ನು ದಪ್ಪಗೆ ಬರೆಯುವುದು, ಕ್ಯಾಮೆರಾದ ಪಕ್ಕ ನಿಂತು ಎತ್ತಿ ಹಿಡಿಯುವುದು, ಓದಿ ಮುಗಿಯುತ್ತಲೇ ಮುಂದಿನ ಕಾರ್ಡು ತೋರಿಸುವುದು. ಒಬ್ಬೊಬ್ಬ ನಟನಿಗೆ ಒಂದೊಂದು ಬಣ್ಣ. ಮಾರ್ಗೋಗೆ ಕೆಂಪು, ವೆಂಡೆಲ್‌ಗೆ ಹಸಿರು.

ನೋಡಿದವರಿಗೆ ಸುಲಭದ ಕೆಲಸ, ಮಾಡಿದವರಿಗೆ ಗೊತ್ತು. ರಟ್ಟು ರಟ್ಟಿಗೆ ತಗುಲಿ ಸದ್ದಾಗಬಾರದೆಂದು ಅವಳು ಅಂಚಿಗೆಲ್ಲ ಮೇಣದ ಬತ್ತಿ ಉಜ್ಜುತ್ತಿದ್ದಳು. ಕಾರ್ಡು ಹಿಡಿದವರು ಚಿತ್ರೀಕರಣದ ನೆಲದ ಮೇಲೆ ಬಾಯಿ ತೆರೆಯುವಂತಿಲ್ಲ. ನಗುವಂತೂ ಇಲ್ಲವೇ ಇಲ್ಲ. ನಕ್ಕರೆ ಭುಜ ಕುಣಿಯುತ್ತದೆ, ಭುಜ ಕುಣಿದರೆ ಕಾರ್ಡು, ಕಾರ್ಡು ಅಲುಗಿದರೆ ನಟನ ಕಣ್ಣು ಅಕ್ಷರ ಹುಡುಕುತ್ತಾ ದಾರಿ ತಪ್ಪುತ್ತದೆ. ಎಲ್ಲರೂ ಬಿದ್ದು ಬಿದ್ದು ನಗುವಾಗ ಇರ್ಯಾ ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡು ಕಂಬದ ಹಾಗೆ ನಿಂತಿರುತ್ತಿದ್ದಳು. ನಗುವುದಿಲ್ಲ ಎಂಬ ಹೆಸರು ಬಂದದ್ದು ಹಾಗೆ. ಅವಳು ನಗುತ್ತಿದ್ದದ್ದು ಶನಿವಾರ ಮಧ್ಯಾಹ್ನ, ಹಿತ್ತಲಿನ ಸೌನಾ ಕೋಣೆಯ ಬಿಸಿ ಆವಿಯಲ್ಲಿ ಒಬ್ಬಳೇ ಕೂತು. ಶುಕ್ರವಾರದ ನಗೆಯನ್ನೆಲ್ಲ ಅಲ್ಲಿ ತೀರಿಸಿಕೊಳ್ಳುತ್ತಿದ್ದಳು. ಒಳಗೆ ಯಾರಿದ್ದಾರೆ ಎಂದು ಅವಳ ತಾಯಿ ಹೊರಗಿನಿಂದ ಬಾಗಿಲು ಬಡಿದದ್ದೂ ಉಂಟು.

ವೆಂಡೆಲ್‌ನ ಕಾರ್ಡುಗಳ ಮೇಲೆ ಅವಳು ವಿಶೇಷ ಶ್ರಮ ಹಾಕುತ್ತಿದ್ದಳು. ಅವನು ಎಲ್ಲಿ ಉಸಿರು ತೆಗೆಯುತ್ತಾನೋ ಅಲ್ಲೇ ಸಾಲು ಮುರಿಯುವಳು. ಎಲ್ಲಿ ತಡೆದು ನಿಂತರೆ ಜನ ನಗುತ್ತಾರೋ ಅಲ್ಲಿ ಒಂದಿಷ್ಟು ಬಿಳಿ ಜಾಗ ಬಿಡುವಳು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಅವಳು ಯಾರಿಗೂ ಹೇಳಿರಲಿಲ್ಲ. ಅರ್ನಿ ಪಿಕೆಟ್ ನೇರವಾಗಿ ನೋಡದೆ ಕ್ಯಾಮೆರಾದ ಸ್ವಲ್ಪ ಪಕ್ಕಕ್ಕೆ ನೋಡುತ್ತಾನಲ್ಲ, ಆ ಸಂಕೋಚದ ನೋಟಕ್ಕೆ ದೇಶವೇ ಮರುಳಾಗಿತ್ತು. ಎಂಥ ಅಭಿನಯ ಎಂದು ಪತ್ರಿಕೆಗಳು ಬರೆದವು. ಅಭಿನಯವೂ ಇಲ್ಲ, ಸಂಕೋಚವೂ ಇಲ್ಲ. ಆ ಪಕ್ಕದಲ್ಲಿ ಇರ್ಯಾ ಇದ್ದಳು.

ವಾರಕ್ಕೊಂದು ಸಂಜೆಯಂತೆ ಆರು ಚಳಿಗಾಲ ಒಬ್ಬ ಗಂಡಸು ನಿಮ್ಮ ಕಡೆ ಕಣ್ಣು ನೆಟ್ಟು ನೋಡಿದರೆ ಏನಾಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವನು ನೋಡುವುದು ಕಾರ್ಡನ್ನು ಎಂದು ಅವಳಿಗೆ ಗೊತ್ತಿತ್ತು. ಕಾರ್ಡಿಗೂ ಅವಳ ಮುಖಕ್ಕೂ ನಡುವೆ ಒಂದು ಗೇಣು. ಆ ಗೇಣಿನಲ್ಲೇ ಅವಳ ಯೌವನ ಕಳೆಯಿತು.

ಎಂಬತ್ತೆರಡರಲ್ಲಿ ಕಾರ್ಯಕ್ರಮ ಟೊರಾಂಟೊಗೆ ಹೋಯಿತು. ಅಲ್ಲಿ ಅಕ್ಷರ ಓಡಿಸುವ ಯಂತ್ರವಿತ್ತು, ಕಾರ್ಡು ಹಿಡಿಯುವವರು ಬೇಕಿರಲಿಲ್ಲ. ಕೊನೆಯ ಚಿತ್ರೀಕರಣವಾದ ಮೇಲೆ ವೆಂಡೆಲ್ ಎಲ್ಲರಿಗೂ ಒಂದೊಂದು ಉಡುಗೊರೆ ಕೊಟ್ಟ. ಇರ್ಯಾಳ ಹತ್ತಿರ ಬರುವಾಗ ಅವನ ಚೀಲ ಖಾಲಿಯಾಗಿತ್ತು. ಬಾಗಿಲ ಬಳಿ ಬೆಂಚಿನ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಾ ಅವನು ತಲೆಯೆತ್ತದೆ ಹೇಳಿದ: "ಇರ್ಯಾ, ಈ ಊರಲ್ಲಿ ನಾನು ನೋಡಿದ್ದು ಅಂದ್ರೆ ನಿನ್ನೊಬ್ಬಳನ್ನೇ ಕಣೆ."

ಹೇಳಿ ನಕ್ಕ. ತಮಾಷೆಯವನು, ಹೇಳಿದ್ದೆಲ್ಲ ತಮಾಷೆಯಂತೆಯೇ ಕೇಳುತ್ತಿತ್ತು. ಅವಳು ನಗಲಿಲ್ಲ, ಮಾತಾಡಲಿಲ್ಲ, ಅಭ್ಯಾಸ ತಪ್ಪಿಹೋಗಿತ್ತು. ಅವನು ಕಾರು ಹತ್ತಿದ.

ಆ ಮಾತು ನಿಜವೋ ತಮಾಷೆಯೋ ಎಂದು ಇರ್ಯಾ ಮೂವತ್ತೇಳು ವರ್ಷ ಯೋಚಿಸಿದಳು. ಇದು ಹೆಚ್ಚಾಯಿತು ಎಂದು ನಿಮಗನಿಸಬಹುದು. ನನಗೂ ಅನಿಸುತ್ತದೆ. ಆದರೆ ಯೋಚಿಸಲು ಬೇರೇನಾದರೂ ಬಂದಿದ್ದರೆ ಅವಳು ಅದನ್ನು ಯೋಚಿಸುತ್ತಿರಲಿಲ್ಲವೇ? ಬರಲಿಲ್ಲ. ಅವಳು ಅಂಗಡಿಗೆ ಮರಳಿ ಬೆಣ್ಣೆಯ ಫಲಕ ಬರೆದಳು. ಅಚ್ಚಾದ ಫಲಕಗಳು ಬಂದ ಮೇಲೆ ಗೋದಾಮಿನಲ್ಲಿ ಡಬ್ಬ ಜೋಡಿಸಿದಳು. ಒಂದಿಬ್ಬರು ಗಂಡಸರು ಕಾಫಿಗೆ ಕರೆದರು, ಅವಳ ಮೌನಕ್ಕೆ ಹೆದರಿ ಎರಡನೆಯ ಸಲ ಕರೆಯಲಿಲ್ಲ. ತಾಯಿ ತೀರಿಕೊಂಡರು. ಮನೆ ಮಾರಿ ಮಹಡಿಯ ಮೇಲಿನ ಎರಡು ಕೋಣೆಗೆ ಬಂದಳು. ಅಲ್ಲಿ ಸೌನಾ ಇರಲಿಲ್ಲ, ನಗುವುದಕ್ಕೆ ಜಾಗವೂ ಇಲ್ಲದಂತಾಯಿತು.

ಹಳೆಯ ಕಂತುಗಳನ್ನು ಟೀವಿಯಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದರು. ಇರ್ಯಾ ಒಂದನ್ನೂ ಬಿಡುತ್ತಿರಲಿಲ್ಲ. ಅರ್ನಿಯ ನೋಟ ಪಕ್ಕಕ್ಕೆ ಹೋಗುತ್ತದಲ್ಲ, ಅವಳು ಕುರ್ಚಿಯನ್ನು ಅದೇ ಪಕ್ಕಕ್ಕೆ ಸರಿಸಿಕೊಂಡಳು. ಕುರ್ಚಿ ಸರಿಸಿದರೆ ಪರದೆಯ ನೋಟ ಸರಿಯುವುದಿಲ್ಲ ಎಂದು ತಿಳಿಯದಷ್ಟು ದಡ್ಡಿಯಲ್ಲ ಅವಳು. ಆದರೂ ಕುರ್ಚಿ ಅಲ್ಲೇ ಉಳಿಯಿತು. ಬೇಕರಿಯಲ್ಲಿ ಯಾರೋ ಬಾಗಿಲು ತೆರೆದು ಹಿಮಗಾಳಿ ಒಳಗೆ ಬಿಟ್ಟು, 'ಇದು ನನ್ನ ತಪ್ಪಲ್ಲ, ಆದ್ರೂ ಕ್ಷಮಿಸಿ' ಎಂದು ಅರ್ನಿಯ ಮಾತು ಆಡಿದರೆ ಎಲ್ಲರೂ ನಗುವರು. ಇರ್ಯಾಳ ಕಣ್ಣ ಮುಂದೆ ಮಾತ್ರ ಒಂದು ಹಸಿರು ಸಾಲು, ಅದು ಮುರಿಯುವ ಜಾಗ, ಆಮೇಲೆ ಮೂರು ಬೆರಳಿನಷ್ಟು ಬಿಳಿ. ಆ ಬಿಳಿಯನ್ನು ತಾನು ಬಿಟ್ಟದ್ದು ಎಂದು ಹೇಳೋಣವೆಂದರೆ ಯಾರಿಗೆ ಹೇಳುವುದು? ಹೇಳಿದರೂ ಅದರಲ್ಲಿ ಹೆಚ್ಚೇನಿದೆ ಎನ್ನುತ್ತಿದ್ದರು.

ಎರಡು ಸಾವಿರದ ಹತ್ತೊಂಬತ್ತರ ಚಳಿಗಾಲದಲ್ಲಿ ಗ್ರಂಥಾಲಯದ ನಡೀನ್ ಬುಷಾರ್‌ಗೆ 'ಹವಾ ಸರಿಯಿಲ್ಲ'ದ ನೆನಪಿಗೆ ಒಂದು ಸಭೆ ಮಾಡುವ ಉಮೇದು ಬಂತು. ನಡೀನ್ ಮೈತುಂಬ ಉತ್ಸಾಹದ ಹೆಂಗಸು, ಮೂರು ವಾಕ್ಯಕ್ಕೊಂದು ಸಲ 'ಅದ್ಭುತ' ಎನ್ನದೆ ಇರಲಾರಳು. ಮಾರ್ಗೋ ತೀರಿಹೋಗಿದ್ದಳು, ಉಳಿದವರು ಒಂದೊಂದು ದಿಕ್ಕು. ವೆಂಡೆಲ್ ಬರಲು ಒಪ್ಪಿದ. ಒಪ್ಪಿದವಳು ಅವನ ಮಗಳು ಹೀದರ್ ಎಂದರೆ ಸರಿ, ಯಾಕೆಂದರೆ ಎಪ್ಪತ್ತಾರು ವರ್ಷದ ವೆಂಡೆಲ್‌ಗೆ ಮರೆವು ಹೆಚ್ಚಿ ಒಪ್ಪುವುದು, ಒಪ್ಪದಿರುವುದು ಎಲ್ಲ ಕೈತಪ್ಪಿ ಹೋಗಿತ್ತು. ಹಳೆಯ ಅಂಗಡಿಯವರನ್ನು ವಿಚಾರಿಸಿ ವಿಚಾರಿಸಿ ನಡೀನ್ ಕೊನೆಗೆ ಇರ್ಯಾಳನ್ನು ಕಂಡುಹಿಡಿದಳು. ಪ್ರತಿ ಮಂಗಳವಾರ ತನ್ನ ಮೇಜಿನ ಮುಂದೆಯೇ ಪುಸ್ತಕ ಹಿಡಿದು ನಿಲ್ಲುವ ಮುದುಕಿಯೇ ಇವಳೆಂದು ತಿಳಿದು ಅವಳಿಗೆ ನಾಚಿಕೆಯಾಯಿತು. ಹೀದರ್‌ಳ ನಂಬರು ಒತ್ತಿ ಫೋನನ್ನು ಇರ್ಯಾಳ ಕೈಗಿತ್ತಳು.

"ಅಪ್ಪಂಗೆ ಓದೋಕೆ ಬರುತ್ತೆ," ಎಂದಳು ಹೀದರ್. "ಮುಂದಿನ ಮಾತು ಏನು ಅನ್ನೋದೊಂದೇ ಹೋಗ್ಬಿಟ್ಟಿದೆ. ಆ ಯಂತ್ರದಲ್ಲಿ ಅಕ್ಷರ ಓಡಿದ್ರೆ ಹೆದರ್ಕೋತಾರೆ. ಹಸಿರು ಎಲ್ಲಿ, ಹಸಿರು ಎಲ್ಲಿ ಅಂತ ಒಂದೇ ಸಮ ಕೇಳ್ತಾರೆ. ಹಸಿರು ಅಂದ್ರೆ ಏನಂತ ನಮಗ್ಯಾರಿಗೂ ಗೊತ್ತಿಲ್ಲ."

"ನಂಗೊತ್ತು," ಎಂದಳು ಇರ್ಯಾ.

ಫೋನಿಟ್ಟ ಮೇಲೆ ಅವಳು ಬಸ್ಸು ಹತ್ತದೆ ಮನೆಯ ತನಕ ನಡೆದುಹೋದಳು. ಕಿವಿ ಹೆಪ್ಪುಗಟ್ಟುವ ಚಳಿಯಲ್ಲಿ ಟೋಪಿ ಹಾಕಿಕೊಳ್ಳುವುದನ್ನೂ ಮರೆತಿದ್ದಳು. ತನ್ನ ಮುಖ ಅವನಿಗೆ ನೆನಪಿದೆಯೋ ಇಲ್ಲವೋ, ಹಸಿರು ನೆನಪಿದೆ. ಹಸಿರು ನೆನಪಿದ್ದರೆ ಅದರ ಪಕ್ಕದ ಒಂದು ಗೇಣು ನೆನಪಾಗದಿರುತ್ತದೆಯೇ? ಅವನು ಒಂದು ಸಲ ತನ್ನನ್ನು ಗುರುತು ಹಿಡಿದು ಇರ್ಯಾ ಎಂದರೆ ಸಾಕು. ಬೂಟು ಕಟ್ಟುತ್ತಾ ಹೇಳಿದ ಮಾತು ನಿಜವೆಂದು ತಾನು ಇಟ್ಟುಕೊಳ್ಳಬಹುದು. ಎಪ್ಪತ್ತು ವರ್ಷದ ಬದುಕಿಗೆ ಅಷ್ಟಾದರೂ ಬೇಡವೇ?

ರಟ್ಟು ತಂದಳು, ಅಗಲ ಮೊನೆಯ ಹಸಿರು ಪೆನ್ನು ತಂದಳು. ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು, ಮೊದಲ ದಿನ ಬರೆದದ್ದನ್ನು ನೋಡಿ ಅವಳಿಗೆ ಅಳು ಬಂತು. ಕೈಯನ್ನು ಬಿಸಿನೀರಿನಲ್ಲಿ ಇಟ್ಟು, ಒರೆಸಿ, ಮತ್ತೆ ಬರೆದಳು. ಅರ್ನಿಯ ಮಾತುಗಳಿಗೆ ಅವಳು ಯಾವ ಪುಸ್ತಕವನ್ನೂ ನೋಡಬೇಕಿರಲಿಲ್ಲ. ಮೂರು ವಾರದಲ್ಲಿ ಏಳು ಕಾರ್ಡು ಹಳೆಯ ರೂಪಕ್ಕೆ ಬಂದವು. ಅಂಚಿಗೆ ಮೇಣ ಉಜ್ಜಿದಳು.

ಸಭೆ ಮಂಜುಗಡ್ಡೆಯ ಮೇಲೆ ಆಡುವ ಕರ್ಲಿಂಗ್ ಆಟದ ಕ್ಲಬ್ಬಿನ ಸಭಾಂಗಣದಲ್ಲಿ, ಭಾನುವಾರ ಮಧ್ಯಾಹ್ನ ಎರಡಕ್ಕೆ. ಕತ್ತಲಾದ ಮೇಲೆ ಹಿಮದಲ್ಲಿ ಕಾರು ಓಡಿಸಲಾಗದ ವಯಸ್ಸಿನವರೇ ಬರುವವರೆಂದು ನಡೀನ್‌ಗೆ ಗೊತ್ತಿತ್ತು. ಕಾಫಿ, ಮೊಟ್ಟೆಯ ಸ್ಯಾಂಡ್‌ವಿಚ್, ಏಲಕ್ಕಿ ಹಾಕಿದ ಬ್ರೆಡ್ಡು ಇಟ್ಟಿದ್ದರು. ಬಾಗಿಲ ಬಳಿ ಬೂಟುಗಳ ರಾಶಿ ಬಿದ್ದಿತ್ತು. ಮುನ್ನೂರು ಜನ ಕಾಲುಚೀಲದಲ್ಲಿ ಕೂತಿದ್ದರು.

ವೆಂಡೆಲ್ ಒಂದು ಗಂಟೆ ಮೊದಲೇ ಬಂದ. ಬಗ್ಗಿದ್ದ, ಕಿವಿ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು, ನಗು ಮಾತ್ರ ಹಾಗೇ ಇತ್ತು. ಕಾಫಿ ಸುರಿಯುವವರಿಂದ ಹಿಡಿದು ಎಲ್ಲರ ಕೈ ಕುಲುಕಿದ. ಹೀದರ್ ಅವನನ್ನು ಇರ್ಯಾಳ ಮುಂದೆ ತಂದು ನಿಲ್ಲಿಸಿ, ಅಪ್ಪಾ, ಇವರು ಇರ್ಯಾ ಎಂದಳು.

ಅವನು ಅವಳ ಮುಖವನ್ನು ಪ್ರೀತಿಯಿಂದಲೇ ನೋಡಿದ. "ಇರ್ಯಾ ಅಂತ ನಮ್ಮಲ್ಲೂ ಒಬ್ಬಳಿದ್ದಾಳೆ. ಹುಡುಗಿ ಬಂಗಾರ. ಒಂದು ಮಾತಾಡಲ್ಲ. ಇರಿ, ಈಗ ಬರ್ತಾಳೆ, ಪರಿಚಯ ಮಾಡಿಸ್ತೀನಿ."

ನಾನೇ ಅವಳು ಎನ್ನಬಹುದಿತ್ತು. ಬೇರೆ ಯಾವ ಊರಿನವರಾದರೂ ಅನ್ನುತ್ತಿದ್ದರೇನೋ. ಎದುರಿಗೆ ನಿಂತ ಮನುಷ್ಯ ಸಂತೋಷದಿಂದ ತಪ್ಪು ಮಾತಾಡುತ್ತಿದ್ದರೆ ನಮ್ಮವರ ನಾಲಿಗೆ ಅದನ್ನು ತಿದ್ದಲು ಏಳುವುದಿಲ್ಲ. ಇರ್ಯಾ ಅವನ ಕೈ ಹಿಡಿದುಕೊಂಡು, "ಕ್ಷಮಿಸಿ," ಎಂದಳು. ಯಾವುದಕ್ಕೆ ಎಂದು ಅವನೂ ಕೇಳಲಿಲ್ಲ. ಹೀದರ್ ಮುಖ ತಿರುಗಿಸಿಕೊಂಡಳು.

ಹೋಗಲಿ, ವೇದಿಕೆ ಇದೆಯಲ್ಲ, ಎಂದು ಇರ್ಯಾ ಮನಸ್ಸು ಗಟ್ಟಿ ಮಾಡಿಕೊಂಡಳು. ಹುಡುಗಿಯ ಮುಖ ಮುದುಕಿಯಲ್ಲಿ ಸಿಗದಿರುವುದು ಅವನ ತಪ್ಪಲ್ಲ. ಕಾರ್ಡಿನ ಪಕ್ಕದಲ್ಲಿ ನಿಂತಾಗ ಸಿಕ್ಕೀತು.

ಎರಡು ಗಂಟೆಗೆ ಹವಾಮಾನದ ನಕ್ಷೆಯ ಮುಂದೆ ಅವನನ್ನು ನಿಲ್ಲಿಸಿದರು. ಅರ್ನಿಯ ಕಂದು ಕೋಟು ತೊಡಿಸಿದ್ದರು, ಅದು ಅವನಿಗೆ ಈಗ ದೊಗಲೆ. ಬೆಳಕು ಬಿದ್ದೊಡನೆ ಅವನು ಗಾಬರಿಯಾಗಿ ಆ ಕಡೆ ಈ ಕಡೆ ನೋಡಿದ. ಜನ ಅದನ್ನೂ ಅಭಿನಯವೆಂದುಕೊಂಡು ನಕ್ಕರು. ಇರ್ಯಾ ವೇದಿಕೆಯ ಕೆಳಗೆ, ಎಡಗಡೆ, ತನ್ನ ಹಳೆಯ ಜಾಗದ ಲೆಕ್ಕದಲ್ಲಿ ನಿಂತು ಮೊದಲ ಕಾರ್ಡು ಎತ್ತಿದಳು.

ಅವನ ಕಣ್ಣು ಹಸಿರಿನ ಮೇಲೆ ಬಿತ್ತು. ಭುಜ ಇಳಿಯಿತು. ಆಮೇಲೆ ಬಂದದ್ದು ಎಪ್ಪತ್ತಾರು ವರ್ಷದ ಮುದುಕನ ದನಿಯಲ್ಲ.

"ನಮಸ್ಕಾರ. ನಾನು ಅರ್ನಿ ಪಿಕೆಟ್. ನಿನ್ನೆ ಏನಾಯ್ತು ಅಂತ ನಿಮಗೆಲ್ಲ ಗೊತ್ತಿದೆ."

ಸಭಾಂಗಣ ಎದ್ದು ಕುಣಿಯುವುದೊಂದು ಬಾಕಿ. ಕೆನೋರಾಕ್ಕೆ ಕ್ಷಮೆ ಕೇಳಿದ, ಡ್ರೈಡನ್‌ಗೆ ಕೇಳಿದ, ವಾವಾಕ್ಕೆ ಎರಡು ಸಲ ಕೇಳಿದ. ಎಲ್ಲಿ ಉಸಿರೋ ಅಲ್ಲಿ ಉಸಿರು, ಎಲ್ಲಿ ಬಿಳಿ ಜಾಗವೋ ಅಲ್ಲಿ ತಡೆದು ನಿಂತ, ಜನ ಅಲ್ಲೇ ನಕ್ಕರು. ಊದಿದ ಬೆರಳುಗಳಲ್ಲಿ ಕಾರ್ಡು ಒಂದಾದ ಮೇಲೊಂದು ಸದ್ದಿಲ್ಲದೆ ಜಾರಿತು. ಅವನು ಅವಳ ಕಡೆಯೇ ನೋಡುತ್ತಿದ್ದ. ಇರ್ಯಾ ಕೆನ್ನೆ ಕಚ್ಚಿಕೊಂಡಿದ್ದಳು. ಅಷ್ಟು ಸುಖ ಅವಳು ಯಾವತ್ತೂ ಪಟ್ಟಿರಲಿಲ್ಲ.

ಏಳನೆಯ ಕಾರ್ಡು. "ಇದು ನನ್ನ ತಪ್ಪಲ್ಲ," ಎಂದ ವೆಂಡೆಲ್. ತಡೆದ. ಮುನ್ನೂರು ಜನರೂ ಅವನ ಜೊತೆಗೆ ಹೇಳಿದರು: "ಆದ್ರೂ ಕ್ಷಮಿಸಿ."

ಚಪ್ಪಾಳೆ ಬಿತ್ತು. ಅವನು ನಮಸ್ಕರಿಸಿ ಹೊರಡಬೇಕಿತ್ತು, ಹೊರಡಲಿಲ್ಲ. ಕಾರ್ಡಿನಿಂದ ಕಣ್ಣು ಕೀಳದೆ ನಿಂತ. ಚಪ್ಪಾಳೆ ನಿಂತ ಮೇಲೂ ನಿಂತೇ ಇದ್ದ. ಅವನ ಮುಖದಲ್ಲಿ ಅರ್ನಿ ಹೋಗಿ ವೆಂಡೆಲ್ ಬಂದಿದ್ದ.

"ಇದು ಇರ್ಯಾನ ಅಕ್ಷರ," ಎಂದ ಅವನು. ಕಾರ್ಡಿನ ಮೇಲಿಂದ, ಅದರ ಆಚೆ, ಜನರ ಸಾಲುಗಳಲ್ಲಿ ಹುಡುಕಿದ. "ಇರ್ಯಾ ಎಲ್ಲಿ? ಇಲ್ಲೇ ನಿಂತಿರ್ತಾಳೆ ಅವಳು. ನಾನು ಅವಳ ಮುಖ ನೋಡ್ಕೊಂಡೇ ಹೇಳೋದು."

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಇರ್ಯಾ ಕೇಳಿಸಿಕೊಂಡಳು. ಕಾರ್ಡಲ್ಲ, ಮುಖ. ಅವನ ಬಾಯಿಂದಲೇ ಬಂತು, ಎಲ್ಲರ ಎದುರಿಗೆ ಬಂತು. ಮೂವತ್ತೇಳು ವರ್ಷ ಕೇಳಬೇಕೆಂದುಕೊಂಡಿದ್ದ ಮಾತು ಕಿವಿಗೆ ಬಿದ್ದಾಯಿತು. ಹೇಳಿದವನು ಮಾತ್ರ ಅವಳ ತಲೆಯ ಮೇಲಿಂದ ಬೇರೆ ಇರ್ಯಾಳನ್ನು ಹುಡುಕುತ್ತಿದ್ದ. ಅವನ ತುಟಿ ಅದುರತೊಡಗಿತು.

"ಇರ್ಯಾ?" ಎಂದು ಮತ್ತೆ ಕರೆದ.

ಬಾಯಿ ತೆರೆಯಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ಕಾರ್ಡು ಹಿಡಿದು ನಿಂತಿರುವಾಗ ಅವಳು ಯಾವತ್ತೂ ಮಾತಾಡಿದವಳಲ್ಲ. ಅವಳ ಕೈಗೆ ಗೊತ್ತಿದ್ದದ್ದು ಒಂದೇ ದಾರಿ. ಕಾರ್ಡನ್ನು ತಿರುಗಿಸಿ ಮೊಣಕಾಲಿನ ಮೇಲಿಟ್ಟು, ಜೇಬಿನಿಂದ ಹಸಿರು ಪೆನ್ನು ತೆಗೆದು ಬರೆದಳು. ಅವಸರದಲ್ಲಿ ಬರೆದರೂ ಅಕ್ಷರ ದುಂಡಗೆ ಬಂತು. ಎತ್ತಿ ಹಿಡಿದಳು. ಈ ಸಲ ಕಾರ್ಡು ನಡುಗುತ್ತಿತ್ತು.

ಹಸಿರು ಕಂಡೊಡನೆ ವೆಂಡೆಲ್‌ನ ಮುಖ ತಿಳಿಯಾಯಿತು. ಬೆನ್ನು ನೇರ ಮಾಡಿಕೊಂಡ, ಕೋಟಿನ ಗುಂಡಿ ಸರಿಪಡಿಸಿಕೊಂಡ, ಎಲ್ಲರಿಗೂ ಕೇಳುವಂತೆ ಅರ್ನಿಯ ದನಿಯಲ್ಲಿ ಓದಿದ.

"ನಾನು ಇಲ್ಲೇ ಇದ್ದೀನಿ, ವೆಂಡೆಲ್."

ಸಾಲು ಮುರಿದ ಕಡೆ ಅವನು ತಡೆದು ನಿಂತಿದ್ದ, ಆಮೇಲೆ ಹೆಸರು ಹೇಳಿದ್ದ. ಜನರಿಗೆ ತಡೆದುಕೊಳ್ಳಲಾಗಲಿಲ್ಲ. ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ಹವಾಮಾನದ ಮನುಷ್ಯ. ಇಷ್ಟು ಒಳ್ಳೆಯ ತಮಾಷೆ ಹಳೆಯ ಕಂತುಗಳಲ್ಲೂ ಇರಲಿಲ್ಲ ಎಂದು ನಡೀನ್ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕಣ್ಣೊರೆಸಿಕೊಂಡು ನಕ್ಕರು.

ವೆಂಡೆಲ್ ತಲೆಬಾಗಿ ಚಪ್ಪಾಳೆ ಸ್ವೀಕರಿಸಿದ. ಸದ್ದು ಇಳಿಯುತ್ತಿದ್ದಂತೆ ಇರ್ಯಾಳ ಕಡೆ ತಿರುಗಿ, ಮುಂದಿನ ಕಾರ್ಡಿಗಾಗಿ ಕಾಯುತ್ತಾ ನಿಂತ. ಇರ್ಯಾಳ ಬಳಿ ಮುಂದಿನ ಕಾರ್ಡು ಇರಲಿಲ್ಲ. ಅವಳು ಇದ್ದದ್ದನ್ನೇ ಹಿಡಿದು ನಿಂತಿದ್ದಳು.